ಗಾಳಿ ನೋಡಲು ಬಂದವರ ಸರ್ಟಿಫಿಕೇಟ್ ನೋಡಿದ್ರಾ?

ಮಳೆಗಾಲ ಹಿಡಿಯಿತೆಂದರೆ ಕಾರವಾರ, ಅಂಕೋಲೆ ಕಡೆಯ ಮನೆಗಳಲ್ಲಿ ಗೋಡೆಯೇ ಬೆವರುತ್ತದೆ. ಕಪಾಟಿನ ಸೀರೆಗೂ ಬೂಷ್ಟು, ಮೂಲೆಯ ಚಪ್ಪಲಿಗೂ ಬೂಷ್ಟು. ಮಗುವಿಗೆ ರಾತ್ರಿಯಿಡೀ ಕೆಮ್ಮು. ಇಂಥ ಹೊತ್ತಲ್ಲಿ ಯಾರಾದರೂ ಪುಟ್ಟ ಮೀಟರ್ ಹಿಡಿದು ‘ನಿಮ್ಮನೆ ಗಾಳಿ ಪರೀಕ್ಷೆ ಮಾಡ್ಕೊಡ್ತೇವೆ, ನಾವು ಸರ್ಟಿಫೈಡ್’ ಎಂದರೆ ತಾಯಿಯ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ.

ಗೆಳತಿಯರೇ, ಸ್ವಲ್ಪ ತಾಳಿ. ಮನೆಯ ವೈರಿಂಗ್ ಮಾಡುವವರಿಗೆ ಸರ್ಕಾರದ ಪರ್ಮಿಟ್ ಬೇಕು. ಆದರೆ ಮನೆಯೊಳಗಿನ ಗಾಳಿ ತಪಾಸಣೆ ಮಾಡುವವರಿಗೆ ನಮ್ಮ ದೇಶದಲ್ಲಿ ಅಂಥ ಕಡ್ಡಾಯ ಲೈಸೆನ್ಸ್ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಹೊರಡಿಸಿದ ಮಾನದಂಡ ಕೂಡ ಹೊರಗಿನ ಗಾಳಿಯದ್ದು. ಹೀಗಾಗಿ ಎರಡು ದಿನದ ಕೋರ್ಸ್ ಮಾಡಿದವರೂ ಸರ್ಟಿಫೈಡ್, ವರ್ಷಗಟ್ಟಲೆ ಕಲಿತವರೂ ಸರ್ಟಿಫೈಡ್!

ಅಮೆರಿಕದ ಟೆಕ್ಸಾಸ್, ಫ್ಲೋರಿಡಾ ರಾಜ್ಯಗಳಲ್ಲಿ ಬೂಷ್ಟಿನ ತಪಾಸಣೆಯನ್ನು ವೃತ್ತಿ ಮಾಡಿಕೊಂಡವರಿಗೆ ಲೈಸೆನ್ಸ್ ಇದೆ. ತಪಾಸಣೆ ಮಾಡಿದವರೇ ಅದೇ ಮನೆಯ ಬೂಷ್ಟು ತೆಗೆಯುವ ಗುತ್ತಿಗೆ ಹಿಡಿಯದಂತೆ ಕಾನೂನಿನ ತಡೆಯೂ ಇದೆ. ಔಷಧ ಮಾರುವವನೇ ರೋಗವನ್ನೂ ಹೇಳಿದರೆ ನಂಬೋದು ಹೇಗೆ, ಅಲ್ವೇ?

ನಮ್ಮಲ್ಲಿ ಆ ತಡೆ ಇಲ್ಲದ ಕಾರಣ ನಾವೇ ಕೇಳಬೇಕು:

* ಸರ್ಟಿಫಿಕೇಟ್ ಕೊಟ್ಟವರು ಯಾರು? ಪರೀಕ್ಷೆ ಪಾಸಾಗಿದ್ದಕ್ಕೋ, ಬರೀ ಹಾಜರಿಗೋ? ಅವಧಿ ಮುಗಿದಿಲ್ಲ ತಾನೇ?

* ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತದೆ? ಅದಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯಾ? ಈ ಮಾನ್ಯತೆ ಲ್ಯಾಬಿನದ್ದು, ಮನೆಗೆ ಬಂದ ವ್ಯಕ್ತಿಯದ್ದಲ್ಲ. ಅದೂ ಪಟ್ಟಿಯಲ್ಲಿರುವ ಪರೀಕ್ಷೆಗಳಿಗಷ್ಟೇ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬಹುದು.

* ಮೀಟರ್ ಸರಿಯಾಗಿ ಅಳೆಯುತ್ತದೆಂದು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?

* ಏರ್ ಪ್ಯೂರಿಫೈಯರ್ ಮಾರುವವರೂ ಇವರೇನಾ?

ಇನ್ನೊಂದು ಮಾತು. ಕಣ್ಣಿಗೆ ಕಾಣುವ ಬೂಷ್ಟಿಗೆ ಸಾಮಾನ್ಯವಾಗಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಅಗತ್ಯವೇ ಇಲ್ಲ. ತೇವ ಎಲ್ಲಿಂದ ಬರುತ್ತಿದೆ ನೋಡಿ. ಒಡೆದ ಹೆಂಚು, ಸೋರುವ ಪೈಪ್ ಮೊದಲು ಸರಿಪಡಿಸಿ. ಮಳೆ ಹೊಳವಾದಾಗ ಕಿಟಕಿ ತೆರೆಯಿರಿ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಬಚ್ಚಲ ಒಲೆಯ ಹೊಗೆ ಒಳಗೆ ನುಗ್ಗದಂತೆ ದಾರಿ ಮಾಡಿ. ಮಗುವಿನ ಕೆಮ್ಮು ನಿಲ್ಲದಿದ್ದರೆ ಮೀಟರಿನವರಿಗಿಂತ ಮೊದಲು ಡಾಕ್ಟರು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಮಾತ್ರ ಖಂಡಿತ ಬೇಡ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವವನ್ನೇ ತೆಗೆಯಬಲ್ಲದು.

ಗಾಳಿ ತಪಾಸಣೆಗೂ ಸರ್ಕಾರ ಒಂದು ನಿಯಮ ತರಲಿ. ಅಲ್ಲಿಯವರೆಗೆ, ಕಿವಿರು ಎತ್ತಿ ನೋಡದೆ ಬಂಗಡೆ ಕೊಳ್ಳದ ನಾವು ಸರ್ಟಿಫಿಕೇಟನ್ನೂ ತಿರುಗಿಸಿ ನೋಡೋಣ. ಏನಂತೀರಿ?