ಡಬ್ಬಿಯೊಳಗಣ ತಾರುಣ್ಯ

ಕಳೆದ ರಜೆಯಲ್ಲಿ ಗುಂಜಿಗೆ ಹೋಗಿದ್ದಾಗ ಸೋದರತ್ತೆಯವರು ಒಂದು ಡಬ್ಬಿಯನ್ನು ನನ್ನ ಮುಂದಿಟ್ಟರು. ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ ಕೊಲಾಜೆನ್ ಪುಡಿ. “ಇದನ್ನ ಕುಡದ್ರ ಮಾರಿ ಮ್ಯಾಲಿನ ಸುಕ್ಕು ಹೋಗತಾವಂತ. ಖರೇ ಏನೋ ತಮ್ಮಾ?” ಎಂದು ಕೇಳಿದರು.

ಕನ್ನಡ ಪಾಠ ಹೇಳುವ ನಾನು ವೈದ್ಯನಲ್ಲ. ಓದಿ ತಿಳಿದಷ್ಟನ್ನು ಹೇಳಿದೆ. ಚರ್ಮಕ್ಕೆ ಬಿಗುವನ್ನೀಯುವ ಪ್ರೋಟೀನೇ ಕೊಲಾಜೆನ್. ಅದು ಮೂರೆಳೆಯ ಹಗ್ಗದಂತಿದೆಯೆಂದು 1954-55ರಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟವರು ನಮ್ಮ ದೇಶದವರೇ ಆದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಪ್ರತಿ ಎಳೆಯಲ್ಲಿಯೂ ಮೂರಕ್ಕೊಂದು ಮಣಿ ಗ್ಲೈಸಿನ್ ಎಂಬ ಅಮೈನೋ ಆಮ್ಲ.

ಆದರೆ ನುಂಗಿದ ಪುಡಿ ನೆಟ್ಟಗೆ ಕೆನ್ನೆಗೆ ಹೋಗಿ ಕೂಡುವುದಿಲ್ಲ. ಅದು ಜೀರ್ಣವಾಗಿ, ಅಮೈನೋ ಆಮ್ಲಗಳೂ ಅವುಗಳ ಕಿರುಸರಪಣಿಗಳೂ ಆಗಿ ರಕ್ತವನ್ನು ಸೇರುತ್ತದೆ. ದೇಹವು ತನಗೆ ಬೇಕಾದೆಡೆ ಬಳಸಿಕೊಳ್ಳುತ್ತದೆ. ಕೆಲವು ಪ್ರಯೋಗಗಳಲ್ಲಿ ಚರ್ಮದ ತೇವವು ಕೊಂಚ ಹೆಚ್ಚಿದುದುಂಟು. ಆದರೆ ಅಂಥ ಹಲವು ಪ್ರಯೋಗಗಳಿಗೆ ಹಣವಿತ್ತವರು ಪುಡಿ ಮಾರುವವರೇ!

ಅತ್ತೆಯವರ ಸುಕ್ಕಿಗೆ ವಯಸ್ಸಿನಷ್ಟೇ ಗದ್ದೆಯ ಬಿಸಿಲೂ ಕಾರಣ. ಬಿಸಿಲಿನ ನೇರಳಾತೀತ ಕಿರಣಗಳು ಆ ಹಗ್ಗವನ್ನು ಸವೆಸುತ್ತವೆ. ತಲೆಯ ಮೇಲಿನ ಸೆರಗು ಆದುದರಿಂದ ಅಗ್ಗದ ಔಷಧ. ಇನ್ನು ಅಮೈನೋ ಆಮ್ಲಗಳೋ, ಅನ್ನದಲ್ಲಿ ಕಡಿಮೆಯಿರುವ ಲೈಸಿನ್ನನ್ನು ಬೇಳೆಯೂ, ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ನನ್ನು ಅನ್ನವೂ ತುಂಬಿಕೊಡುತ್ತವೆ. ಕೊಲಾಜೆನ್ ಹೆಣೆಯಲು ಬೇಕಾದ ‘ಸಿ’ ಜೀವಸತ್ವ ನೆಲ್ಲಿಕಾಯಿಯಲ್ಲಿ ಧಾರಾಳ.

ಎಲ್ಲವನ್ನೂ ಕೇಳಿ ಅತ್ತೆಯವರು ಡಬ್ಬಿಯ ಮುಚ್ಚಳ ಬಿಗಿದರು. “ಅವಗ ಹೇಳು, ಡಬ್ಬಿ ಬ್ಯಾಡ, ಹಬ್ಬಕ್ಕ ತಾನ ಬಾ ಅಂತ.”

ಓದುಗರೇ, ಆ ಮಾತನ್ನಾಡುವಾಗ ಅವರ ಮುಖದ ಸುಕ್ಕುಗಳು ನನಗೆ ಕಾಣಲಿಲ್ಲ.