ಉಳಿಗೆ ಒಲಿಯುವ ಅಕ್ರೋಟು

ಅಕ್ರೋಟು ಎಂದರೆ ನಮ್ಮಲ್ಲಿ ನೆನಪಾಗುವುದು ಮಿದುಳಿನ ಆಕಾರದ ಆ ತಿರುಳು. ಪರೀಕ್ಷೆ ಹತ್ತಿರ ಬಂತೆಂದರೆ ಒತ್ತಾಯ ಮಾಡಿ ಮಕ್ಕಳಿಗೆ ತಿನ್ನಿಸುವ ತಾಯಂದಿರೂ ಉಂಟು. ಕಾಶ್ಮೀರದ ಶ್ರೀನಗರದಲ್ಲಾದರೆ ಕಾಯಿಯ ಜೊತೆಗೆ ಹಲಗೆಯ ಮಾತೂ ಬರುತ್ತದೆ. ಅಲ್ಲಿನ ಕೆತ್ತನೆಗಾರರು ಪೆಟ್ಟಿಗೆ, ಮೇಜು, ಮಡಿಚುವ ಪರದೆಗಳ ಮೇಲೆ ಚಿನಾರ್ ಎಲೆ, ಕಮಲ, ದ್ರಾಕ್ಷಿ ಬಳ್ಳಿಗಳನ್ನು ಅರಳಿಸುವುದು ಈ ಮರದಲ್ಲೇ.

ಬೇರೆ ಮರ ಯಾಕಾಗದು? ಎಳೆ ಒರಟಾದ ಮರದಲ್ಲಿ ಉಳಿ ಅಡ್ಡ ಹೋದರೆ ಸಿಬಿರು ಏಳುತ್ತದೆ, ಎಲೆಯ ತುದಿ ಮುರಿಯುತ್ತದೆ. ತೀರಾ ಮೆತ್ತನೆಯ ಮರವಾದರೆ ಅಂಚು ಜಜ್ಜಿಹೋಗುತ್ತದೆ. ಅಕ್ರೋಟು ಇವೆರಡರ ನಡುವಿನದು. ಒಣಗಿದ ಮರ ಘನ ಮೀಟರಿಗೆ ಸುಮಾರು 640 ಕಿಲೋ ತೂಗುತ್ತದೆ. ನಮ್ಮ ಬೀಟೆಗಿಂತ ಹಗುರ, ತೇಗಕ್ಕೆ ಹತ್ತಿರ. ಎಳೆಗಳು ಒತ್ತಾಗಿ, ಹೆಚ್ಚುಕಡಿಮೆ ಸಮನಾಗಿರುವುದರಿಂದ ಹೂವಿನ ದಳದ ಅಡಿಯಲ್ಲಿ ಉಳಿ ತೂರಿಸಿ ಮರ ತೆಗೆದರೂ ದಳ ನಿಲ್ಲುತ್ತದೆ. ಜಾಲಂದರದ ಕೆಲಸ ಸಾಧ್ಯವಾಗುವುದೂ ಇದರಿಂದಲೇ.

ಆದರೆ ಹಸಿ ಮರಕ್ಕೆ ಉಳಿ ಹಾಕುವಂತಿಲ್ಲ. ಒಳಗಿನ ನೀರು ಆರುವಾಗ ಮರ ಒಂದೇ ಸಮನೆ ಕುಗ್ಗುವುದಿಲ್ಲ, ಸೀಳುತ್ತದೆ. ಅದಕ್ಕೇ ಹಲಗೆಗಳ ನಡುವೆ ಗಾಳಿಯಾಡಲು ಸಂದು ಬಿಟ್ಟು, ನೆರಳಿನಲ್ಲಿ ಒಟ್ಟಿ, ವರ್ಷಗಟ್ಟಲೆ ಕಾಯುತ್ತಾರೆ. ಹೀಗೆ ಹದಕ್ಕೆ ಬಂದ ಅಕ್ರೋಟು ಮತ್ತೆ ಸೊಟ್ಟಗಾಗುವುದು ಕಡಿಮೆ, ಪೆಟ್ಟನ್ನೂ ತಾಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕಗಳ ಸೈನಿಕರು ಹೆಗಲಿಗೆ ಆನಿಸಿ ಹಿಡಿದ ರೈಫಲ್‌ಗಳ ಮರದ ಭಾಗವೂ ಅಕ್ರೋಟು ಜಾತಿಯದೇ. ಹೂ ಕೆತ್ತುವ ಮರಕ್ಕೆ ಇಂಥ ಕೆಲಸವೂ ಬಂತು!

ಬಣ್ಣ ಮರದಲ್ಲೇ ಇದೆ. ಬೇರಿನ ಬುಡದ ಹಲಗೆ ಕಡು ಕಂದು, ಅದರ ಬೆಲೆಯೂ ಹೆಚ್ಚು. ಕೊಂಬೆಯದು ತೆಳು ಬಣ್ಣ. ತೊಗಟೆಗೆ ಅಂಟಿದ ಬಿಳಿಯ ಭಾಗಕ್ಕೆ ಹುಳು ಬೀಳುವುದರಿಂದ ಒಳ್ಳೆಯ ಕೆಲಸಗಾರರು ಚೇಗನ್ನೇ ಆರಿಸುತ್ತಾರೆ. ಮೇಲೆ ಮೇಣ ತಿಕ್ಕಿದರೆ ಎಳೆಗಳ ಗೆರೆ ತಾನಾಗಿ ಎದ್ದು ಕಾಣುತ್ತದೆ.

ಈಗಿನ ಕಷ್ಟ ಹಲಗೆಯದು. ಫಸಲು ಕೊಡುವ ಮರವನ್ನು ರೈತ ಯಾಕೆ ಕಡಿದಾನು? ಅಲ್ಲಿ 1969ರಲ್ಲಿ ಬಂದ ಕಾನೂನು, ಅನುಮತಿಯಿಲ್ಲದೆ ಅಕ್ರೋಟು ಮರ ಕಡಿಯುವುದನ್ನು ನಿಷೇಧಿಸಿತು. ಅದು ಸರಿಯೇ, ಇಲ್ಲದಿದ್ದರೆ ಮರಗಳೇ ಉಳಿಯುತ್ತಿರಲಿಲ್ಲ. ಇನ್ನೊಂದು ಕಡೆ, ಎತ್ತರದ ಹಳೆಯ ಮರ ಹತ್ತಿ ಕಾಯಿ ಬಡಿಯುವಾಗ ಬಿದ್ದು ಸತ್ತವರ ಸುದ್ದಿ ಸೆಪ್ಟೆಂಬರಿನ ಕೊಯ್ಲಿನಲ್ಲಿ ಬರುತ್ತಲೇ ಇರುತ್ತದೆ. ಬೀಜದಿಂದ ಬೆಳೆದ ಮರ ಕಾಯಿ ಬಿಡಲು ಸುಮಾರು ಹತ್ತು ವರ್ಷ ಬೇಕು. ಕಸಿ ಗಿಡ ಅದಕ್ಕಿಂತ ಬಹಳ ಬೇಗ, ಕುಳ್ಳಗಿರುವಾಗಲೇ ಫಸಲು ಕೊಡುತ್ತದೆ. ಮನೆಯ ಮಗನನ್ನು ಮರ ಹತ್ತಿಸುವ ತಂದೆತಾಯಿ ಕಸಿ ಗಿಡವನ್ನೇ ಬಯಸಿದರೆ ತಪ್ಪೆನ್ನಲಾಗದು. ಆದರೆ ಕುಳ್ಳ ಗಿಡದ ಮೋಟು ಕಾಂಡದಿಂದ ಕೆತ್ತನೆಗಾರನಿಗೆ ಬೇಕಾದ ಅಗಲ ಹಲಗೆ ಸಿಗದು.

ಪ್ರವಾಸ ಹೋದವರಿಗೆ ಒಂದು ಸೂಚನೆ. ಬಣ್ಣ ಬಳಿದ ಅಗ್ಗದ ಮರವೂ ಅಕ್ರೋಟಿನ ಹೆಸರಲ್ಲಿ ಮಾರಾಟವಾಗುವುದುಂಟು. ಪೆಟ್ಟಿಗೆಯನ್ನು ಬೋರಲು ಹಾಕಿ, ಅಂಗಡಿಯವರ ಒಪ್ಪಿಗೆ ಪಡೆದು, ತಳವನ್ನು ಉಗುರಿನಿಂದ ತುಸು ಗೀರಿ ನೋಡಬಹುದು. ಬಳಿದ ಬಣ್ಣವಾದರೆ ಗೀರಿನೊಳಗೆ ಬಿಳಿ ಇಣುಕುತ್ತದೆ.