ಕೆಂಪು ಕ್ಯಾಲಿಪರ್, ನಾಲ್ಕು ನಿಂಬೆಹಣ್ಣು

ಕಾರಿನ ಬ್ರೇಕಿಗೆ ಬಣ್ಣ ಹೊಡೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂಥರಾ ನಗು. ಕಾರು ನೋಡಿದರೆ ಪುಟ್ಟದು, ಹಿಂದಿನ ಚಕ್ರಕ್ಕೆ ಇರುವುದು ಹಳೇ ಕಾಲದ ಡ್ರಮ್ ಬ್ರೇಕು, ಆದರೆ ಮುಂದಿನ ಚಕ್ರದ ಸಂದಿಯಲ್ಲಿ ಕ್ಯಾಲಿಪರ್ ಮಾತ್ರ ಕೆಂಪಗೆ ಮಿಂಚುತ್ತಿರುತ್ತದೆ. ಲುಂಗಿ ಉಟ್ಟು ಟೈ ಕಟ್ಟಿಕೊಂಡ ಹಾಗೆ!

ಹೀಗೆ ನಗುತ್ತಿದ್ದ ನಾನೇ ಹೋದ ವರ್ಷ ಆಯುಧಪೂಜೆ ಹೊತ್ತಿಗೆ ಅಂಗಳದಲ್ಲಿ ಕೈಗೆಲ್ಲಾ ಕೆಂಪು ಬಣ್ಣ ಮೆತ್ತಿಕೊಂಡು ಕೂತಿದ್ದೆ. ಆದ್ದರಿಂದ ಈ ಬರಹ ಅರ್ಧ ತಪ್ಪೊಪ್ಪಿಗೆ, ಅರ್ಧ ವಕಾಲತ್ತು :)

ಕ್ಯಾಲಿಪರ್ ಅಂದರೇನು ಅಂತ ಕೇಳುವವರಿಗೆ: ಸೈಕಲ್ಲಿನ ಬ್ರೇಕು ರಿಮ್ಮನ್ನು ಎರಡೂ ಕಡೆಯಿಂದ ಗಬಕ್ಕನೆ ಹಿಡಿಯುತ್ತದಲ್ಲ, ಡಿಸ್ಕ್ ಬ್ರೇಕಿನಲ್ಲಿ ಅದೇ ಕೆಲಸ ಮಾಡುವ ಕಬ್ಬಿಣದ ಹಿಡಿ ಅದು. ಒಳಗಡೆ ಒಂದು ಪ್ಯಾಡು, ಹೊರಗಡೆ ಒಂದು ಪ್ಯಾಡು, ನಡುವೆ ತಿರುಗುವ ಡಿಸ್ಕು. ನಮ್ಮಂಥವರ ಕಾರುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಒತ್ತಬೇಕು. ಈ 'ಜಾರುವುದು' ನೆನಪಿರಲಿ, ಕಥೆ ಇರುವುದೇ ಅಲ್ಲಿ.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿನ ಉಪ್ಪುಗಾಳಿ ಮತ್ತು ಮಳೆಗೆ ಕಬ್ಬಿಣದ ಯಾವ ವಸ್ತುವೂ ಮರ್ಯಾದೆಯಿಂದ ಉಳಿಯುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಹಳೇ ಕಾರಿನ ಕ್ಯಾಲಿಪರ್‌ಗಳು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಮಗ ಯೂಟ್ಯೂಬಿನಲ್ಲಿ ನೋಡಿಕೊಂಡು "ಅಪ್ಪಾ, ಕೆಂಪು ಹೊಡೆಯೋಣ" ಅಂದ. ಹಬ್ಬ ಬೇರೆ ಹತ್ತಿರ ಬಂತು. ಶಾಖ ತಡೆಯುವ ಕ್ಯಾಲಿಪರ್ ಬಣ್ಣದ ಡಬ್ಬ ತಂದಾಯ್ತು. (ಬಾಗಿಲಿಗೆ ಹೊಡೆದು ಉಳಿದ ಎನಾಮಲ್ ಇಲ್ಲಿ ಆಗಿಬರುವುದಿಲ್ಲ, ಬಿಸಿಗೆ ಕಪ್ಪಾಗಿ ಸಿಪ್ಪೆಯೆದ್ದು ಹೋಗುತ್ತದೆ.)

ಎಡಗಡೆ ಚಕ್ರ ಬಿಚ್ಚಿದಾಗ ಎಲ್ಲ ಸರಿಯಿತ್ತು. ಬಲಗಡೆಯದು ಬಿಚ್ಚಿ ನೋಡಿದರೆ ಹೊರಗಿನ ಪ್ಯಾಡು ದಪ್ಪಗೆ ಚೆನ್ನಾಗಿಯೇ ಇದೆ. ಬಗ್ಗಿ ಒಳಗಿನದ್ದು ನೋಡುತ್ತೇನೆ.. ಏನೂ ಉಳಿದಿಲ್ಲ! ಹೊಸ ಪ್ಯಾಡಿನಲ್ಲಿ ಸುಮಾರು 10 ಮಿ.ಮೀ. ಸವೆಯುವ ಪದರ ಇರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸಿಬಿಡಬೇಕು. ನನ್ನದು ಹಿಂದಿನ ಲೋಹದ ತಗಡಿಗೆ ತಾಗುವುದರಲ್ಲಿತ್ತು. ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರುವುದನ್ನೇ ಬಿಟ್ಟಿದ್ದರಿಂದ ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆ.

ಆಗ ಹಿಂದಿನ ವಾರದ್ದು ನೆನಪಾಯ್ತು ನೋಡಿ. ಹೆಂಡತಿ, ಮಗ, ಅಮ್ಮ ಎಲ್ಲರನ್ನೂ ಕೂರಿಸಿಕೊಂಡು ಚಿಕ್ಕಮಗಳೂರಿಂದ ಬಂದಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದಿದ್ದೆವು. ಒಂದೊಂದು ತಿರುವಿನಲ್ಲೂ ಬ್ರೇಕು ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. "ರಸ್ತೆ ಸರಿಯಿಲ್ಲ" ಅಂತ ಬೈದುಕೊಂಡೇ ಬಂದಿದ್ದೆ. ರಸ್ತೆಯದೇನೂ ತಪ್ಪಿರಲಿಲ್ಲ, ಬಲಗಡೆ ಬ್ರೇಕು ಅರ್ಧ ಕೆಲಸ ಮಾಡುತ್ತಿತ್ತು ಅಷ್ಟೇ. ಅಂಗಳದಲ್ಲಿ ಕೂತಲ್ಲೇ ಬೆವರಿಬಿಟ್ಟೆ. ಎರಡು ತಿಂಗಳ ಹಿಂದಷ್ಟೇ ಮಾಡಿಸಿದ ಸರ್ವೀಸಿನ ಬಿಲ್ಲಿನಲ್ಲಿ 'ಬ್ರೇಕ್ ಚೆಕಪ್' ಅಂತ ದುಡ್ಡು ಹಾಕಿದ್ದರು! ಬಹುಶಃ ನೋಡಿಯೂ ಇದ್ದರೇನೋ, ಹೊರಗಿನಿಂದ ಕಾಣುವ ಪ್ಯಾಡು.

ಬಣ್ಣದ ಡಬ್ಬ ಮುಚ್ಚಿಟ್ಟು ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮನೆಗೇ ಬಂದು ಪಿನ್ನು ಬಿಡಿಸಿ, ಗ್ರೀಸು ಹಾಕಿ, ಎರಡೂ ಕಡೆಗೆ ಹೊಸ ಪ್ಯಾಡು ಕೂರಿಸಿದರು. ಒಂದೇ ಕಡೆ ಬದಲಿಸಿದರೆ ಮತ್ತೆ ಎಳೆತ ತಪ್ಪುವುದಿಲ್ಲವಂತೆ. ಕೆಂಪು ಡಬ್ಬ ನೋಡಿ ನಗುತ್ತಾ "ಬಣ್ಣ ಕೊಡ್ಲಿಕ್ಕೆ ಅಂತ ಬಿಚ್ಚಿದ್ದು ಒಳ್ಳೆದಾಯ್ತು ಮಾರಾಯ್ರೆ" ಅಂದರು.

ನನ್ನ ವಾದ ಇಷ್ಟೇ. ಬಣ್ಣದಿಂದ ಬ್ರೇಕಿಗೆ ಏನೂ ಸಿಗುವುದಿಲ್ಲ. ಪೋರ್ಷೆಯವರು ತಮ್ಮ ಸೆರಾಮಿಕ್ ಬ್ರೇಕಿನ ಕ್ಯಾಲಿಪರಿಗೆ ಹಳದಿ ಬಣ್ಣ ಕೊಡುತ್ತಾರೆ. ಅಲ್ಲಿ ಹಳದಿ ಅಂದರೆ ಒಳಗೆ ಏನಿದೆ ಅನ್ನುವುದರ ಗುರುತು. ನಮ್ಮ ಕಾರಿಗೆ ಬಳಿದರೆ ಅದು ಬರೀ ಹಳದಿ, ಕಾರು ಒಂದು ಗೇಣೂ ಮುಂಚೆ ನಿಲ್ಲುವುದಿಲ್ಲ. ಆದರೂ ಮನೆಯಲ್ಲೇ ಬಳಿಯಿರಿ ಅನ್ನುತ್ತೇನೆ. ಯಾಕೆಂದರೆ ನಮ್ಮಲ್ಲಿ ಎಷ್ಟೋ ಜನ ಕಾರು ತಗೊಂಡ ಮೇಲೆ ಒಂದು ಸಲವೂ ಚಕ್ರದ ಹಿಂದೆ ಇಣುಕಿರುವುದಿಲ್ಲ. ಶೋಕಿಯ ನೆಪದಲ್ಲಾದರೂ ಇಣುಕಿದರೆ ಆ ಶೋಕಿಗೆ ನನ್ನ ಓಟು.

ಆದರೆ ಚಕ್ರವನ್ನೇ ಬಿಚ್ಚದೆ ಅಲಾಯ್ ಸಂದಿಯಿಂದ ಬುಸ್ ಅಂತ ಸ್ಪ್ರೇ ಹೊಡೆಯುವುದಿದೆಯಲ್ಲ, ಅದಕ್ಕೆ ಮಾತ್ರ ನನ್ನ ವಿರೋಧವಿದೆ. ಡಿಸ್ಕಿನ ಮೇಲೆ, ಪ್ಯಾಡಿನ ಮೇಲೆ ಬಣ್ಣ ಬಿದ್ದರೆ ಬ್ರೇಕು ಹಿಡಿಯುವುದೇ ಕಷ್ಟ. ಪಿನ್ನಿನ ರಬ್ಬರು, ಪಿಸ್ಟನ್ನಿನ ರಬ್ಬರು, ಗಾಳಿ ತೆಗೆಯುವ ನಿಪ್ಪಲ್ಲು, ಪ್ಯಾಡು ಕೂರುವ ಜಾಗ, ಇವಿಷ್ಟಕ್ಕೂ ಟೇಪು ಸುತ್ತಲೇಬೇಕು. ಜರುಗುವ, ಜಾರುವ ಯಾವುದಕ್ಕೂ ಬಣ್ಣ ತಾಗಬಾರದು. ವೈರ್ ಬ್ರಷ್ಷಿನಿಂದ ತುಕ್ಕು ತೆಗೆದು, ಬ್ರೇಕ್ ಕ್ಲೀನರಿನಿಂದ ಜಿಡ್ಡು ಒರೆಸಿ, ತೆಳ್ಳಗೆ ಎರಡು ಮೂರು ಸಲ ಬಳಿದರೆ ಸಾಕು. ಅಲ್ಲಿನ ಧೂಳನ್ನು ಬಾಯಲ್ಲಿ ಊದಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬರೀ ಜಾಕ್ ನಂಬಿ ಕಾರಿನಡಿ ಕೈ ಹಾಕಬೇಡಿ, ಸ್ಟ್ಯಾಂಡು ಕೊಡಿ. ಪಿಸ್ಟನ್ ಹಿಂದಕ್ಕೆ ಒತ್ತಿದ್ದರೆ ಗಾಡಿ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದಿದ್ದರೆ ಮೊದಲ ಸಲ ಬ್ರೇಕು ಒತ್ತಿದಾಗ ಕಾಲು ಪಾತಾಳಕ್ಕೆ ಹೋಗುತ್ತದೆ!

ಇನ್ನೊಂದು ಮಾತು. ಡಬ್ಬದ ಬಣ್ಣಕ್ಕೆ ದುಡ್ಡು ಕೊಡುವ ನಾವು ಬ್ರೇಕ್ ಆಯಿಲ್ ಬದಲಿಸಲು ಲೆಕ್ಕ ಹಾಕುತ್ತೇವೆ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ 'ಡಾಟ್ 4' ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲಿನ ಮಿತಿ 155. ಉದ್ದ ಘಾಟಿಯಲ್ಲಿ ಬ್ರೇಕು ಒತ್ತಿಕೊಂಡೇ ಇಳಿದರೆ ಈ ವ್ಯತ್ಯಾಸವೇ ಜೀವ ಉಳಿಸುವುದು. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕು ಬೀಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಾಟಿಯಲ್ಲಿ ಗೇರು ಇಳಿಸಿ ಇಳಿಯಿರಿ. ಅಂದ ಹಾಗೆ, ಚೆಲ್ಲಿದರೆ ಈ ಆಯಿಲ್ ನಿಮ್ಮ ಹೊಸ ಕೆಂಪು ಬಣ್ಣವನ್ನೂ ತಿಂದುಹಾಕುತ್ತದೆ :)

ಆ ಹಬ್ಬದ ದಿನ ಅಮ್ಮ ಎಂದಿನಂತೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ನಾನೂ ಭಕ್ತಿಯಿಂದಲೇ ಹತ್ತಿಸಿದೆ. ಪ್ರತಿ ವರ್ಷ ಅದೇ ಚಕ್ರಕ್ಕೆ ಕುಂಕುಮ ಹಚ್ಚುತ್ತಿದ್ದೆ, ಅದರ ಹಿಂದೆ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲವಲ್ಲ ಅಂತ ನಾಚಿಕೆಯಾಯ್ತು.

ಮುಂದಿನ ಹಬ್ಬಕ್ಕೆ ನೀವೂ ನಿಂಬೆಹಣ್ಣಿಗಿಂತ ಮೊದಲು ಒಂದು ಸಲ ಚಕ್ರ ಬಿಚ್ಚಿ. ಒಳಗಿನ ಪ್ಯಾಡು ನೋಡಿ. ಆಮೇಲೆ ಬಣ್ಣ ಕೆಂಪೋ ಹಳದಿಯೋ, ನಿಮ್ಮಿಷ್ಟ. ಇನ್ನು ಮೇಲೆ ನಾನಂತೂ ನಗುವುದಿಲ್ಲ.